ಚಿಕ್ಕ ದೋಣಿಗೆ ಹ್ಯಾಚ್ ಕೂರಿಸುವುದು: ಎಲ್ಲಿ ಕೊರೆಯಬೇಕು, ಹೇಗೆ ಮುಚ್ಚಬೇಕು

ದೋಣಿಯಲ್ಲಿ ಮೊದಲು ಕೆಡುವುದು ಕೈ ಹೋಗದ ಜಾಗ. ಸೀಟಿನ ಕೆಳಗೆ, ಮುಂತುದಿಯ ಒಳಗೆ, ಹಿಂಬದಿ ಹಲಗೆಗೆ ತಾಗಿದಂತೆ, ಹೀಗೆ ಎಷ್ಟೋ ಚಿಕ್ಕ ದೋಣಿಗಳಲ್ಲಿ ಮುಚ್ಚಿದ ಗಾಳಿ ಟ್ಯಾಂಕುಗಳಿರುತ್ತವೆ. ಮಗುಚಿದರೂ ದೋಣಿ ಮುಳುಗಬಾರದು ಅಂತ ಇಟ್ಟಿರುವವು ಅವು. ತಯಾರಿಸುವಾಗ ಹಲ್‌ನ (ದೋಣಿಯ ಕೆಳಗಿನ ಒಡಲು) ಮೇಲೆ ಡೆಕ್ (ಮೇಲಿನ ಹಾಸು) ಇಟ್ಟು ಅಂಟಿಸಿದರೆ ಮುಗಿಯಿತು, ಒಳಗಿನ ನಟ್ಟು, ಬೋಲ್ಟು, ಮರದ ತುಂಡುಗಳನ್ನು ಮತ್ತೆ ಯಾರೂ ನೋಡುವುದಿಲ್ಲ. ಮುಂದೊಂದು ದಿನ ಚುಕ್ಕಾಣಿಯ ಕೊಂಡಿ ಸಡಿಲವಾಗುತ್ತದೆ. ಹೊರಗಿನಿಂದ ಬೋಲ್ಟು ತಿರುಗಿಸಿದರೆ ಒಳಗೆ ನಟ್ಟೂ ಜೊತೆಗೇ ತಿರುಗುತ್ತದೆ. ಅದನ್ನು ಹಿಡಿದುಕೊಳ್ಳುವವರು ಯಾರು?

ಇದಕ್ಕೆ ಪರಿಹಾರ ಒಂದು ಹ್ಯಾಚ್. ಅಂದರೆ ಡೆಕ್‌ನಲ್ಲೋ ಟ್ಯಾಂಕಿನ ಗೋಡೆಯಲ್ಲೋ ಕೈ ಹೋಗುವಷ್ಟು ತೂತು, ಅದಕ್ಕೊಂದು ಪ್ಲಾಸ್ಟಿಕ್ ರಿಂಗು, ತಿರುಗಿಸಿ ಮುಚ್ಚುವ ಮುಚ್ಚಳ. ತೂತು ಕತ್ತರಿಸಲು ಹತ್ತು ನಿಮಿಷ ಸಾಕು. ಎಲ್ಲಿ ಕತ್ತರಿಸಬೇಕು ಅಂತ ತೀರ್ಮಾನಿಸುವುದಕ್ಕೆ, ಕತ್ತರಿಸಿದ ಅಂಚು ನೀರು ಕುಡಿಯದಂತೆ ಮಾಡುವುದಕ್ಕೆ ಉಳಿದ ಸಮಯವೆಲ್ಲ ಹೋಗುತ್ತದೆ. ಅವಸರ ಮಾಡುವವರು ತಪ್ಪುವುದೂ ಇವೆರಡರಲ್ಲೇ.

ಮುಚ್ಚಿದ ಟ್ಯಾಂಕಿನೊಳಗೆ ಏನಾಗುತ್ತದೆ

"ಪೂರ್ತಿ ಮುಚ್ಚಿದೆಯಲ್ಲ, ನೀರು ಎಲ್ಲಿಂದ ಬರುತ್ತದೆ?" ಅಂತ ಕೇಳುವವರಿದ್ದಾರೆ. ಬಿಸಿಲಿನಿಂದ ಬರುತ್ತದೆ ಅಂದರೆ ವಿಚಿತ್ರ ಅನ್ನಿಸಬಹುದು, ಆದರೆ ನಿಜ. ದಡದಲ್ಲಿ ಬಿಸಿಲಿಗೆ ನಿಂತ ದೋಣಿಯ ಟ್ಯಾಂಕಿನ ಗಾಳಿ 20 ಡಿಗ್ರಿಯಿಂದ 60 ಡಿಗ್ರಿಗೆ ಏರಿತು ಅಂದುಕೊಳ್ಳಿ. ಆ ಗಾಳಿಗೆ ಈಗ ಶೇಕಡಾ 14ರಷ್ಟು ಜಾಸ್ತಿ ಜಾಗ ಬೇಕು. ಟ್ಯಾಂಕು ಒಂಚೂರೂ ಉಬ್ಬದೆ, ಎಲ್ಲೂ ಸೋರದೆ ಇದ್ದರೆ ಒಳಗಿನ ಒತ್ತಡ ಪ್ರತಿ ಚದರ ಮೀಟರ್‌ಗೆ ಸುಮಾರು 1,400 ಕಿಲೋ ಭಾರ ಹೇರಿದಷ್ಟು ಏರಬೇಕು. ಅಷ್ಟನ್ನು ಯಾವ ಚಿಕ್ಕ ದೋಣಿಯೂ ತಡೆಯುವುದಿಲ್ಲ. ಹಾಗಾಗಿ ಡೆಕ್ ಉಬ್ಬುತ್ತದೆ, ಅಂಟಿಸಿದ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟು ಗಾಳಿ ಹೊರಗೆ ಹೋಗುತ್ತದೆ.

ಆಮೇಲೆ ಅದೇ ದೋಣಿಯನ್ನು ತಣ್ಣೀರಿಗೆ ಇಳಿಸುತ್ತೀರಿ. ಒಳಗಿನ ಗಾಳಿ ಕುಗ್ಗುತ್ತದೆ, ಟ್ಯಾಂಕು ಹೊರಗಿನಿಂದ ಎಳೆದುಕೊಳ್ಳಲು ಶುರು ಮಾಡುತ್ತದೆ. ಬಿರುಕು ನೀರಿನ ಕೆಳಗಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಪ್ರತಿ ಸಲ ಒಂದಿಷ್ಟು ಹನಿ. ಹೊರಗೆ ಹೋಗಲು ದಾರಿ ಇಲ್ಲ, ಒಣಗಲು ಗಾಳಿ ಇಲ್ಲ. ಪ್ಲೈವುಡ್ ಕೊಳೆಯುತ್ತದೆ, ಫೋಮ್ ನೀರು ಹೀರಿ ಭಾರವಾಗುತ್ತದೆ.

ಸುರಕ್ಷತೆಯ ಲೆಕ್ಕ ಸರಳ. ಟ್ಯಾಂಕಿನ ಒಂದು ಲೀಟರ್ ಗಾಳಿ ಸುಮಾರು ಒಂದು ಕಿಲೋ ಭಾರವನ್ನು ತೇಲಿಸುತ್ತದೆ. 100 ಲೀಟರ್ ಟ್ಯಾಂಕಿನಲ್ಲಿ 30 ಲೀಟರ್ ನೀರು ಸೇರಿದರೆ ದೋಣಿ ಮಗುಚಿದಾಗ ನೆರವಿಗೆ ಬರುವುದು 70 ಕಿಲೋ ಮಾತ್ರ. ಅಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ದೋಣಿ ಯಾವ ಕಡೆ ವಾಲಿತೋ ಆ 30 ಕಿಲೋ ನೀರೂ ಆ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಟ್ಯಾಂಕು ಮುಚ್ಚಿಯೇ ಇದ್ದರೆ ಇದು ಗೊತ್ತಾಗುವುದು ನೀರಿನ ಮಧ್ಯದಲ್ಲಿ.

ಹ್ಯಾಚ್ ಯಾವುದು, ಎಷ್ಟು ಅಗಲದ್ದು

ಗಾಳಿ ಟ್ಯಾಂಕಿಗೆ ಸರಿಯಾದ ಆಯ್ಕೆ ಅಂದರೆ ಗುಂಡಗಿನ, ಮರೆ (ಸ್ಕ್ರೂವಿನಲ್ಲಿರುವಂಥ ಸುರುಳಿ ಗೆರೆ) ಇರುವ, ತಿರುಗಿಸಿ ಮುಚ್ಚುವ ಮುಚ್ಚಳದ್ದು. ಮುಚ್ಚಳದ ಅಂಚಿನಲ್ಲಿ ಓ-ರಿಂಗ್, ಅಂದರೆ ನೀರು ತಡೆಯುವ ರಬ್ಬರ್ ಬಳೆ, ಇರಬೇಕು. ಒತ್ತಿ ಕೂರಿಸುವ ಮುಚ್ಚಳಗಳು ಅಗ್ಗ, ಆದರೆ ಕಾಲು ತಾಗಿದರೆ ಎದ್ದು ಬರುತ್ತವೆ. ಕೀಲು ಇರುವ ಚೌಕದ ಹ್ಯಾಚ್‌ಗಳು ಹಗ್ಗ, ಲಂಗರು, ಲೈಫ್ ಜಾಕೆಟ್ ಇಡುವ ಪೆಟ್ಟಿಗೆಗೆ ಚೆನ್ನಾಗಿರುತ್ತವೆ. ಅವು ಚಿಮ್ಮುವ ನೀರನ್ನು ತಡೆಯುತ್ತವೆ. ದೋಣಿ ಮಗುಚಿ ನೀರಿನೊಳಗೆ ಹೋದರೆ ಹೆಚ್ಚಿನವು ಸೋರುತ್ತವೆ. ಹಾಗಾಗಿ ತೇಲಿಸುವ ಟ್ಯಾಂಕಿಗೆ ಅವು ಬೇಡ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಳತೆಗಳು 4, 5, 6, 8 ಇಂಚು. ಈ ಅಳತೆ ತೆರೆದಾಗ ಸಿಗುವ ಬಾಯಿಯದ್ದು, ನೀವು ಕತ್ತರಿಸಬೇಕಾದ ತೂತಿನದ್ದಲ್ಲ. ತೂತು ಅದಕ್ಕಿಂತ ದೊಡ್ಡದಿರುತ್ತದೆ, ಎಷ್ಟು ದೊಡ್ಡದು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಹ್ಯಾಚ್ ಕೈಗೆ ಬರುವ ಮೊದಲು ತೂತು ಮಾಡಬೇಡಿ.

4 ಇಂಚಿನ ಬಾಯಲ್ಲಿ ಸ್ಪಂಜು ಹೋಗುತ್ತದೆ, ಟಾರ್ಚ್ ಬಿಟ್ಟು ನೋಡಬಹುದು, ಅಷ್ಟೇ. ಸ್ಪ್ಯಾನರ್ ಹಿಡಿದ ಮುಷ್ಟಿ ಒಳಗೆ ಹೋಗಿ ತಿರುಗಬೇಕಾದರೆ 6 ಇಂಚು ಬೇಕು. ಒಂದೇ ಹ್ಯಾಚ್ ಹಾಕುವುದಾದರೆ 6 ಇಂಚಿನದ್ದೇ ಹಾಕಿ ಅನ್ನುತ್ತೇನೆ. ಅನುಮಾನವಿದ್ದರೆ ದಪ್ಪ ರಟ್ಟಿನಲ್ಲಿ ಅದೇ ಅಳತೆಯ ತೂತು ಮಾಡಿ ಸ್ಪ್ಯಾನರ್ ಹಿಡಿದು ಕೈ ತೂರಿಸಿ ನೋಡಿ. ಮೊಣಕೈವರೆಗೆ ಹೋಗುತ್ತದಾ? ಒಳಗೆ ಮಣಿಕಟ್ಟು ಮಡಚಲು ಬರುತ್ತದಾ? ಮೊಣಕೈ ಒಳಗೆ ಹೋಗದಿದ್ದರೆ ನಿಮ್ಮ ಕೈ ನೇರವಾಗಿ ಮಾತ್ರ ಚಾಚುತ್ತದೆ, ಪಕ್ಕದ ಮೂಲೆಗೆ ತಿರುಗುವುದಿಲ್ಲ. ಐದು ನಿಮಿಷದ ಈ ರಟ್ಟಿನ ಪರೀಕ್ಷೆಯಲ್ಲಿ ಎಷ್ಟೋ ಜನ ಅಳತೆ ಬದಲಾಯಿಸುತ್ತಾರೆ.

8 ಇಂಚಿನದ್ದು ಆರಾಮ. ಆದರೆ ಅಷ್ಟು ದೊಡ್ಡ ತುಂಡನ್ನು ತೆಳು ಡೆಕ್‌ನಿಂದ ತೆಗೆದರೆ ಬಲ ಕಡಿಮೆಯಾಗುತ್ತದೆ, ಅದನ್ನು ಕೆಳಗಿನ ರಿಂಗ್‌ನಿಂದ ತುಂಬಿಕೊಡಬೇಕು. ಅದರ ವಿಷಯ ಮುಂದೆ ಬರುತ್ತದೆ.

ಮುಚ್ಚಳ ಪಾರದರ್ಶಕವಾಗಿರುವುದು ಸಿಕ್ಕಿದರೆ ಟ್ಯಾಂಕಿನ ಗೋಡೆಗೆ ಅದೇ ಒಳ್ಳೆಯದು. ತೆರೆಯದೆಯೇ ನೀರು ನಿಂತಿದೆಯಾ ಅಂತ ಕಾಣುತ್ತದೆ. ಕಾಲಿಡುವ ಕಡೆ ಮಾತ್ರ ಅದು ಬೇಡ.

ಜಾಗ ಹುಡುಕುವುದು

ಪ್ರತಿ ಹ್ಯಾಚ್‌ಗೂ ಒಂದು ಕೆಲಸ ಇರಬೇಕು. "ಇಲ್ಲಿಂದ ಚುಕ್ಕಾಣಿ ಕೊಂಡಿಯ ನಾಲ್ಕು ನಟ್ಟೂ ಸಿಗುತ್ತವೆ" ಅಂತ ಹೇಳಲು ಬಂದರೆ ಆ ಜಾಗ ಸರಿ. "ಇಲ್ಲೊಂದು ಇದ್ದರೆ ಚೆನ್ನಾಗಿರುತ್ತದೆ" ಅನ್ನುವುದು ಕಾರಣವಲ್ಲ. ಹ್ಯಾಚ್ ಎಷ್ಟೇ ಒಳ್ಳೆಯದಾದರೂ ದೋಣಿಯ ಮಟ್ಟಿಗೆ ಅದೊಂದು ತೂತೇ.

ಮೊದಲು ದೋಣಿಯ ಹೊರಗೆ ಕಾಣುವ ಫಿಟ್ಟಿಂಗ್‌ಗಳನ್ನೆಲ್ಲ ಪಟ್ಟಿ ಮಾಡಿ: ಚುಕ್ಕಾಣಿ ಕೊಂಡಿ, ಹಗ್ಗ ಕಟ್ಟುವ ಕ್ಲೀಟ್, ಎಳೆಯುವ ಕೊಕ್ಕೆ, ನೀರು ಬಿಡುವ ಪ್ಲಗ್, ಹಾಯಿದೋಣಿಯಾದರೆ ಕಂಬದ ತಂತಿ ಹಿಡಿಯುವ ಪಟ್ಟಿ. ಯಾವುದರ ಹಿಂಬದಿ ಮುಚ್ಚಿದ ಟ್ಯಾಂಕಿದೆಯೋ ಅವನ್ನು ಗುರುತು ಮಾಡಿ. ಒಂದೇ ಹ್ಯಾಚ್‌ನಿಂದ ಎರಡು ಮೂರು ಸಿಗುವಂಥ ಜಾಗ ಹೆಚ್ಚಾಗಿ ಇರುತ್ತದೆ. ತೋಳಿನ ಉದ್ದ ಅಳೆದುಕೊಳ್ಳಿ. 6 ಇಂಚಿನ ಬಾಯಿಂದ ದೂರದ ನಟ್ಟು ಮುಟ್ಟಬಹುದು ನಿಜ, ಆದರೆ ಮುಟ್ಟುವುದು ಬೇರೆ, ಅಲ್ಲಿ ಸ್ಪ್ಯಾನರ್ ತಿರುಗಿಸುವುದು ಬೇರೆ.

ಅಡ್ಡ ಮೈಗಿಂತ ನೆಟ್ಟಗಿನ ಗೋಡೆ ಮೇಲು. ಡೆಕ್ ಮೇಲಿನ ಹ್ಯಾಚ್‌ನ ಅಂಚಿನಲ್ಲಿ ಸದಾ ನೀರು ನಿಂತಿರುತ್ತದೆ, ಜನ ತುಳಿಯುತ್ತಾರೆ, ಮರಳು ಮರೆಗೆ ಸೇರುತ್ತದೆ. ಸೀಟಿನ ಕೆಳಗಿನ ಗೋಡೆಯಲ್ಲಿ ಈ ಮೂರೂ ಕಡಿಮೆ. ಅಲ್ಲೂ ತೀರಾ ಕೆಳಗೆ ಇಡಬೇಡಿ. ದೋಣಿಯೊಳಗೆ ಸ್ವಲ್ಪ ನೀರು ಸೇರಿದರೂ ಹ್ಯಾಚ್ ಮುಳುಗುವಂತಿರಬಾರದು.

ಮೈ ಚಪ್ಪಟೆಯಾಗಿರಬೇಕು, ಇದರಲ್ಲಿ ರಾಜಿ ಇಲ್ಲ. ಬಾಗಿದ ಮೈಗೆ ಸ್ಕ್ರೂ ಬಿಗಿದರೆ ಪ್ಲಾಸ್ಟಿಕ್ ರಿಂಗು ಬಾಗುತ್ತದೆ, ಮುಚ್ಚಳ ಗುಂಡಗೇ ಇರುತ್ತದೆ, ಎರಡರ ನಡುವೆ ನೀರಿಗೆ ದಾರಿಯಾಗುತ್ತದೆ. ಉದ್ದನೆಯ ಸ್ಕೇಲನ್ನು ಎಲ್ಲ ದಿಕ್ಕಿಗೂ ಇಟ್ಟು ನೋಡಿ. ಕೆಳಗೆ ಬೆಳಕು ಕಂಡರೆ ಬೇರೆ ಜಾಗ ಹುಡುಕಿ. ಮೂಲೆ, ಅಂಚುಗಳಿಂದ ರಿಂಗಿನ ಹೊರ ಅಂಚು ಕನಿಷ್ಠ 50 ಮಿಲಿಮೀಟರ್ ದೂರ ಇರಲಿ.

ಎರಡು ಬೇರೆ ಬೇರೆ ಟ್ಯಾಂಕುಗಳ ನಡುವಿನ ಗೋಡೆಯನ್ನು ಯಾವ ಕಾರಣಕ್ಕೂ ಕೊರೆಯಬೇಡಿ. ಒಂದು ಸೋರಿದರೂ ಇನ್ನೊಂದು ಉಳಿಯಲಿ ಅಂತಲೇ ಅವನ್ನು ಬೇರೆ ಮಾಡಿರುವುದು. ರೇಸಿಗೆ ಬಳಸುವ ದೋಣಿಯಾದರೆ ಆ ಮಾದರಿಯ ನಿಯಮ ಪುಸ್ತಕ ತೆಗೆದು ಹ್ಯಾಚ್‌ಗೆ ಅನುಮತಿ ಇದೆಯಾ, ಎಷ್ಟು, ಎಲ್ಲಿ ಅಂತ ಓದಿ. ಕೊರೆದ ಮೇಲೆ ಓದಿದರೆ ಪ್ರಯೋಜನವಿಲ್ಲ, ಅಲ್ವಾ?

ಪೆಟ್ರೋಲ್ ಮೋಟಾರಿನ ದೋಣಿಯಲ್ಲಿ ಇನ್ನೊಂದು ಎಚ್ಚರ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ, ಮೂಲೆಯಲ್ಲಿ ಕೂತುಬಿಡುತ್ತದೆ. ವಿದ್ಯುತ್ ಗರಗಸದ ಒಂದು ಕಿಡಿ ಸಾಕು. ಇಂಧನದ ಡಬ್ಬಿಯನ್ನು ದೋಣಿಯಿಂದ ದೂರ ಇಡಿ, ಬ್ಯಾಟರಿ ತಂತಿ ಬಿಚ್ಚಿ, ಒಳಗೆ ಗಾಳಿ ಆಡಲು ಬಿಡಿ. ಪೆಟ್ರೋಲ್ ವಾಸನೆ ಇರುವ ತನಕ ಯಂತ್ರ ಮುಟ್ಟಬೇಡಿ. ಇಂಧನ ಟ್ಯಾಂಕು ಹಲ್‌ನೊಳಗೇ ಕಟ್ಟಿದ್ದರೆ ಆ ಭಾಗದ ಕೆಲಸ ಬಲ್ಲವರಿಗೆ ಬಿಡಿ.

ಕೊರೆಯುವ ಮೊದಲು ಒಳಗೆ ನೋಡುವುದು

ಸ್ಕ್ರೂಡ್ರೈವರ್ ಹಿಡಿಯಿಂದ ಆ ಜಾಗವನ್ನೆಲ್ಲ ತಟ್ಟಿ ಕೇಳಿ. ಗಟ್ಟಿ ಟಕ್ ಟಕ್ ಅಂದರೆ ಕೆಳಗೆ ಮರ ಅಥವಾ ಆಧಾರದ ಪಟ್ಟಿ ಇದೆ. ಟೊಳ್ಳು ಸದ್ದು ಅಂದರೆ ಖಾಲಿ. ಮಂಕಾದ, ಸತ್ತ ಸದ್ದು ಬಂದರೆ ಒಳಗಿನ ಪದರ ನೀರು ಕುಡಿದಿರಬಹುದು.

ಆಮೇಲೆ ವೃತ್ತದ ನಡುವಿಗೆ 5 ಮಿಲಿಮೀಟರ್ ತೂತು ಮಾಡಿ. ಹೇಗೂ ಆ ಭಾಗ ಕತ್ತರಿಸಿ ತೆಗೆಯುವುದೇ. ಗಟ್ಟಿ ತಂತಿಯೊಂದನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಬಗ್ಗಿಸಿ. ಬಗ್ಗಿಸಿದ ಕಾಲು ರಿಂಗಿನ ಹೊರ ಅಂಚಿಗಿಂತ ಒಂದು ಇಂಚು ಆಚೆ ಮುಟ್ಟುವಷ್ಟಿರಲಿ. ತೂತಿನಿಂದ ಒಳಗೆ ತೂರಿಸಿ ಡೆಕ್‌ನ ಅಡಿಗೆ ತಾಗಿಸಿಕೊಂಡು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಎಲ್ಲೂ ತಡೆಯದೆ ಪೂರ್ತಿ ಸುತ್ತಿದರೆ ಕೆಳಗೆ ಪಟ್ಟಿಯಿಲ್ಲ, ಪೈಪಿಲ್ಲ, ತಂತಿಯಿಲ್ಲ. ತಡೆದರೆ ಎಲ್ಲಿ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಜಾಗ ಸರಿಯಿಲ್ಲ ಅನ್ನಿಸಿದರೆ ಆ 5 ಮಿಲಿಮೀಟರ್ ತೂತಿಗೆ ಒಂದು ಹನಿ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಿ ಪಕ್ಕಕ್ಕೆ ಸರಿಯಬಹುದು. ಮೊಬೈಲ್‌ಗೆ ಸಿಕ್ಕಿಸುವ ತೆಳು ಕೇಬಲ್ ಕ್ಯಾಮೆರಾ ಇದ್ದರೆ ಇನ್ನೂ ಅನುಕೂಲ. ಆದರೂ ತಂತಿಯನ್ನು ಬಿಡಬೇಡಿ.

ಅದೇ ತೂತಿನಿಂದ ನೆಟ್ಟಗಿನ ಕಡ್ಡಿ ಇಳಿಸಿ ಆಳ ಅಳೆಯಿರಿ. ಜಿಗ್‌ಸಾ (ಬ್ಲೇಡು ಮೇಲೆ ಕೆಳಗೆ ಆಡುವ ವಿದ್ಯುತ್ ಗರಗಸ) ಬ್ಲೇಡು ಪೂರ್ತಿ ಕೆಳಗೆ ಇಳಿದಾಗ ಹಲ್‌ಗೆ ತಾಗಬಾರದು. ತಳ ಹತ್ತಿರವಿದ್ದರೆ ಬ್ಲೇಡು ಕತ್ತರಿಸಿ ಗಿಡ್ಡ ಮಾಡಿಕೊಳ್ಳಿ, ಇಲ್ಲವೇ ಹೋಲ್ ಸಾ (ಡ್ರಿಲ್‌ಗೆ ಸಿಕ್ಕಿಸುವ ಬಟ್ಟಲಿನಾಕಾರದ ಗರಗಸ) ಬಳಸಿ. ಹ್ಯಾಚ್ ಹಾಕಲು ಹೋಗಿ ದೋಣಿಯ ತಳಕ್ಕೇ ತೂತು ಬಿದ್ದರೆ ಆ ಕಥೆಯನ್ನು ನಿಮಗೆ ಯಾರೂ ಮರೆಯಲು ಬಿಡುವುದಿಲ್ಲ.

ಬೇಕಾದ ಸಾಮಾನು

ಡ್ರಿಲ್, ಜಿಗ್‌ಸಾ, ಮಾಸ್ಕಿಂಗ್ ಟೇಪ್, ಕೈವಾರ, ಸ್ಕ್ರೂ ತಲೆ ಕೂರಲು ತೂತಿನ ಬಾಯಿ ಅಗಲಿಸುವ ಬಿಟ್, 80 ನಂಬರಿನ ಸ್ಯಾಂಡ್‌ಪೇಪರ್, ಎಪಾಕ್ಸಿ ಮತ್ತು ಅದನ್ನು ಪೇಸ್ಟಿನಂತೆ ಮಂದ ಮಾಡುವ ಪುಡಿ, ಸೀಲಂಟ್ (ಸಂದಿ ಮುಚ್ಚಿ ನೀರು ತಡೆಯುವ ಅಂಟು) ಅಥವಾ ಬ್ಯುಟೈಲ್ ಟೇಪ್, ಸ್ಟೇನ್‌ಲೆಸ್ ಸ್ಕ್ರೂಗಳು. ಉಪ್ಪು ನೀರಿಗೆ 316 ದರ್ಜೆಯ ಸ್ಟೇನ್‌ಲೆಸ್ ತನ್ನಿ. ಸಿಹಿ ನೀರಿಗೆ 304 ಸಾಕು.

ಫೈಬರ್‌ಗ್ಲಾಸ್ ಕತ್ತರಿಸಿದರೆ ಏಳುವುದು ಗಾಜಿನ ಪುಡಿ. ಎನ್95 ದರ್ಜೆಯ ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬುತೋಳಿನ ಹಳೆ ಅಂಗಿ ಇರಲೇಬೇಕು. ಕತ್ತರಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ವ್ಯಾಕ್ಯೂಮ್ ಹಿಡಿದು ನಿಂತರೆ ಪುಡಿ ಟ್ಯಾಂಕಿನೊಳಗೂ ಹೋಗುವುದಿಲ್ಲ, ನಿಮ್ಮ ಕತ್ತಿನೊಳಗೂ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಮೈ ಉಜ್ಜಬೇಡಿ, ಮೊದಲು ತಣ್ಣೀರು ಸುರಿದುಕೊಳ್ಳಿ.

ಕತ್ತರಿಸುವುದು

ಹ್ಯಾಚ್ ರಿಂಗನ್ನು ತಲೆಕೆಳಗು ಮಾಡಿ, ಒಳಗೆ ಇಳಿಯುವ ಕಂಠದ ಹೊರ ಅಗಲ ಅಳೆಯಿರಿ. ಅದಕ್ಕೆ 2 ಮಿಲಿಮೀಟರ್ ಸೇರಿಸಿ. ಅದೇ ತೂತಿನ ಅಗಲ. ಬಿಗಿಯಾಗಿ ಕೂರಲಿ ಅಂತ ಸಮಸಮ ಕತ್ತರಿಸಬೇಡಿ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ರಿಂಗು ಒತ್ತಿಕೊಂಡು ಅಂಡಾಕಾರವಾಗುತ್ತದೆ.

ಆ ಜಾಗಕ್ಕೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ, ಮೇಲೆ ವೃತ್ತ ಎಳೆಯಿರಿ. ಟೇಪ್ ಇದ್ದರೆ ಗೆರೆ ಕಾಣುತ್ತದೆ, ಮೇಲಿನ ಹೊಳಪು ಪದರ ಚಕ್ಕೆ ಏಳುವುದೂ ಕಡಿಮೆ. ಜಿಗ್‌ಸಾದ ತಳಕ್ಕೂ ಟೇಪ್ ಸುತ್ತಿ, ಇಲ್ಲದಿದ್ದರೆ ಅದು ಡೆಕ್ ತುಂಬ ಗೀರು ಬಿಡುತ್ತದೆ. ಗೆರೆಯ ಒಳಬದಿಗೆ ತಾಗಿದಂತೆ 10 ಮಿಲಿಮೀಟರ್ ತೂತು ಮಾಡಿ ಬ್ಲೇಡು ಇಳಿಸಿ. ಫೈಬರ್‌ಗ್ಲಾಸ್‌ಗೆ ಕಾರ್ಬೈಡ್ ಪುಡಿ ಹಚ್ಚಿದ ಹಲ್ಲಿಲ್ಲದ ಬ್ಲೇಡು ಅಥವಾ ಲೋಹ ಕತ್ತರಿಸುವ ಸಣ್ಣ ಹಲ್ಲಿನ ಬ್ಲೇಡು. ಪ್ಲೈವುಡ್‌ಗೆ ಸಣ್ಣ ಹಲ್ಲಿನ ಮರದ ಬ್ಲೇಡು. ವೇಗ ಕಡಿಮೆ ಇರಲಿ. ಬ್ಲೇಡನ್ನು ಮುಂದಕ್ಕೆ ತಳ್ಳಬೇಡಿ, ಅದರ ಪಾಡಿಗೆ ಅದು ಹೋಗುತ್ತದೆ. ಗೆರೆಯ ಒಳಗೇ ಕತ್ತರಿಸಿ, ಉಳಿದದ್ದನ್ನು ಸ್ಯಾಂಡ್‌ಪೇಪರ್‌ನಿಂದ ತಿದ್ದಬಹುದು. ಜಾಸ್ತಿ ಹೋದದ್ದನ್ನು ಮತ್ತೆ ತರಲಾಗದು.

ಮುಕ್ಕಾಲು ಸುತ್ತು ಆದಾಗ ನಿಲ್ಲಿಸಿ. ನಡುವಿನ ತೂತಿಗೆ ದಪ್ಪ ಸ್ಕ್ರೂ ಒಂದನ್ನು ಬಿಗಿದು ಅದನ್ನೇ ಹಿಡಿಯಾಗಿ ಹಿಡಿದುಕೊಳ್ಳಿ. ಇಲ್ಲದಿದ್ದರೆ ಕೊನೆಗೆ ಬಿಲ್ಲೆ ಟ್ಯಾಂಕಿನೊಳಗೆ ಬಿದ್ದು ಕೈಗೆ ಸಿಗದ ಮೂಲೆಗೆ ಉರುಳುತ್ತದೆ.

ಆ ಬಿಲ್ಲೆಯನ್ನು ಎಸೆಯಬೇಡಿ. ನಿಮ್ಮ ಡೆಕ್ ಹೇಗಿದೆ ಅನ್ನುವುದು ಅದರ ಅಂಚಿನಲ್ಲೇ ಕಾಣುತ್ತದೆ. ಒಂದೇ ಬಿಳಿ ಪದರ, 3-4 ಮಿಲಿಮೀಟರ್ ದಪ್ಪ ಇದ್ದರೆ ಅದು ಬರೀ ಫೈಬರ್‌ಗ್ಲಾಸ್. ಮೇಲೊಂದು ಕೆಳಗೊಂದು ತೆಳು ಪದರ, ನಡುವೆ ಫೋಮ್ ಅಥವಾ ಬಾಲ್ಸಾ ಮರ ಇದ್ದರೆ ಕೋರ್ ಇರುವ ಡೆಕ್. ನಡುವಿನ ಮರ ಕಪ್ಪಾಗಿದ್ದರೆ, ಉಗುರಿನಿಂದ ಒತ್ತಿದಾಗ ನೀರು ಒಸರಿದರೆ, ಹ್ಯಾಚ್‌ಗಿಂತ ದೊಡ್ಡ ಕೆಲಸ ನಿಮಗಾಗಿ ಕಾಯುತ್ತಿದೆ. ಸ್ಕ್ರೂಗೆ ಯಾವ ಅಳತೆಯ ತೂತು ಬೇಕು, ಸೀಲಂಟ್ ಎಷ್ಟು ಗಟ್ಟಿ ಹಿಡಿಯುತ್ತದೆ ಅಂತ ಮೊದಲು ಈ ಬಿಲ್ಲೆಯ ಮೇಲೇ ಪ್ರಯೋಗ ಮಾಡಿ.

ಅಂಚಿಗೆ ಕಾವಲು

ಹ್ಯಾಚ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಇಲ್ಲಿ ನಿರ್ಧಾರವಾಗುತ್ತದೆ. ಸೀಲಂಟ್ ಒಂದಲ್ಲ ಒಂದು ದಿನ ಸೋಲುತ್ತದೆ. ಆಗ ಅಂಚಿಗೆ ನೀರು ತಾಗಿದರೂ ಏನೂ ಆಗಬಾರದು.

ಬರೀ ಫೈಬರ್‌ಗ್ಲಾಸ್ ಆದರೆ ಕೆಲಸ ಕಡಿಮೆ. ಅಂಚು ಉಜ್ಜಿ ನುಣುಪು ಮಾಡಿ ಒಂದು ಕೈ ಎಪಾಕ್ಸಿ ಬಳಿದರೆ ಸಾಕು.

ಪ್ಲೈವುಡ್‌ನ ಕತ್ತರಿಸಿದ ಅಂಚು ಎಪಾಕ್ಸಿಯನ್ನು ಗಟಗಟ ಕುಡಿಯುತ್ತದೆ. ಮೊದಲ ಸಲ ಬಳಿದು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹೊಳಪೇ ಇರುವುದಿಲ್ಲ. ಮತ್ತೆ ಬಳಿಯಿರಿ. ಅಂಚು ಹೊಳೆದು ಹಾಗೇ ಉಳಿಯುವ ತನಕ, ಸಾಮಾನ್ಯವಾಗಿ ಮೂರು ಕೈ, ಹಚ್ಚುತ್ತಾ ಹೋಗಿ.

ಕೋರ್ ಇರುವ ಡೆಕ್‌ಗೆ ತಾಳ್ಮೆ ಬೇಕು. ಎರಡು ಪದರಗಳ ನಡುವಿನ ಫೋಮ್ ಅಥವಾ ಬಾಲ್ಸಾವನ್ನು ಸುತ್ತಲೂ 10 ಮಿಲಿಮೀಟರ್ ಒಳಕ್ಕೆ ಕೆರೆದು ತೆಗೆಯಿರಿ. ಬಗ್ಗಿಸಿದ ಮೊಳೆಯನ್ನು ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸಿದರೆ ಬೇಗ ಆಗುತ್ತದೆ. ಖಾಲಿಯಾದ ಸಂದಿಗೆ ಮೊದಲು ತೆಳು ಎಪಾಕ್ಸಿ ಬಳಿಯಿರಿ, ಆಮೇಲೆ ಪುಡಿ ಬೆರೆಸಿ ಪೇಸ್ಟಿನಂತೆ ಮಾಡಿದ ಎಪಾಕ್ಸಿಯನ್ನು ಒತ್ತಿ ತುಂಬಿ. ಗಟ್ಟಿಯಾದ ಮೇಲೆ ಉಜ್ಜಿ ಸಮ ಮಾಡಿ. ಸ್ಕ್ರೂಗಳು ಈ ತುಂಬಿದ ಭಾಗದಿಂದ ಆಚೆ ಬೀಳುವುದಾದರೆ ಅಲ್ಲೂ ಹೀಗೇ ಮಾಡಬೇಕು: ಸ್ಕ್ರೂಗಿಂತ ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ ಸ್ಕ್ರೂ ತೂತು ಕೊರೆಯಿರಿ.

ಚೌಕದ ಹ್ಯಾಚ್ ಕತ್ತರಿಸುವವರಿಗೆ ಒಂದೇ ಮಾತು: ಮೂಲೆಗಳು ದುಂಡಗಿರಲಿ. ಚೂಪು ಮೂಲೆಯಿಂದ ಬಿರುಕು ಹೊರಡುತ್ತದೆ.

ಕೆಳಗಿನ ರಿಂಗು

3 ಮಿಲಿಮೀಟರ್ ಫೈಬರ್‌ಗ್ಲಾಸ್‌ನಲ್ಲಿ ಸ್ಕ್ರೂ ಹಿಡಿತ ಸಿಗುವುದಿಲ್ಲ. ಎರಡು ದಾರಿಗಳಿವೆ. ಮರೆ ಇರುವ ಸಣ್ಣ ಬೋಲ್ಟು ಹಾಕಿ ಕೆಳಗಿನಿಂದ ವಾಷರ್, ಲಾಕ್ ನಟ್ಟು ಬಿಗಿಯುವುದು ಒಂದು. 9 ಮಿಲಿಮೀಟರ್ ಮೆರೈನ್ ಪ್ಲೈವುಡ್‌ನಲ್ಲಿ ಬಳೆಯ ಆಕಾರದ ಆಧಾರ ಕತ್ತರಿಸಿ ಡೆಕ್‌ನ ಅಡಿಗೆ ಅಂಟಿಸಿ, ಸ್ಕ್ರೂ ಅದಕ್ಕೆ ಇಳಿಯುವಂತೆ ಮಾಡುವುದು ಇನ್ನೊಂದು. ನನ್ನ ಓಟು ಎರಡನೆಯದಕ್ಕೆ. ಸ್ಕ್ರೂಗೂ ಹಿಡಿತ, ಕತ್ತರಿಸಿದ ಡೆಕ್‌ಗೂ ಬಲ.

ಬಳೆಯ ಒಳ ಅಗಲ ತೂತಿನಷ್ಟೇ, ಪಟ್ಟಿಯ ಅಗಲ 30 ಮಿಲಿಮೀಟರ್. ಹೊರ ಅಗಲ ತೂತಿಗಿಂತ ದೊಡ್ಡದು ತಾನೆ, ಒಳಗೆ ಹೋಗುವುದು ಹೇಗೆ? ಎರಡು ಅರ್ಧ ಮಾಡಿ ಒಂದೊಂದಾಗಿ ತೂರಿಸಿ. ಜೋಡಣೆಯ ಗೆರೆ ಯಾವ ಸ್ಕ್ರೂವಿನ ಕೆಳಗೂ ಬರದಂತೆ ನೋಡಿಕೊಳ್ಳಿ. ಅಂಟಿಸುವ ಮೊದಲೇ ಎಲ್ಲ ಮೈಗೂ ಎಪಾಕ್ಸಿ ಬಳಿದಿರಬೇಕು. ಡೆಕ್‌ನ ಅಡಿಯನ್ನು ಕೈ ತೂರಿಸಿ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಪೇಸ್ಟ್ ಎಪಾಕ್ಸಿ ಹಚ್ಚಿ, ಸುತ್ತಲೂ ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಬಿಡಿ.

ಸೀಲಂಟ್ ಯಾವುದು

ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟರೆ ಸುಮ್ನೆ ತರಬೇಡಿ. ಪಾಲಿಸಲ್ಫೈಡ್ ಸೀಲಂಟ್ ಮರಕ್ಕೂ ಲೋಹಕ್ಕೂ ಉತ್ತಮ, ಆದರೆ ಎಬಿಎಸ್, ಪಾಲಿಕಾರ್ಬೊನೇಟ್ ಥರದ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹೆಚ್ಚಿನ ಹ್ಯಾಚ್‌ಗಳು ಅಂಥ ಪ್ಲಾಸ್ಟಿಕ್ಕಿನವೇ. ಗಟ್ಟಿ ಪಾಲಿಯುರೇಥೇನ್ ಒಮ್ಮೆ ಹಿಡಿದರೆ ಬಿಡುವುದಿಲ್ಲ, ಮುಂದೆ ರಿಂಗು ಬದಲಿಸಲು ಹೋದರೆ ಡೆಕ್‌ನ ಪದರವೂ ಕಿತ್ತು ಬರುತ್ತದೆ. ಸಿಲಿಕಾನ್ ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ, ಆದರೆ ಅದು ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ಹತ್ತುವುದಿಲ್ಲ, ಎಪಾಕ್ಸಿಯೂ ಹತ್ತುವುದಿಲ್ಲ.

ಉಳಿದದ್ದು ಬ್ಯುಟೈಲ್ ಟೇಪ್. ಬೂದು ಬಣ್ಣದ, ಚೂಯಿಂಗ್ ಗಮ್ಮಿನಂತೆ ಎಳೆಯುವ ಪಟ್ಟಿ. ಒಣಗಿ ಗಟ್ಟಿಯಾಗುವುದಿಲ್ಲ, ಎಷ್ಟು ವರ್ಷದ ನಂತರವೂ ಬಿಚ್ಚಬಹುದು, ಕೈ ಕೊಳೆಯಾಗುವುದೂ ಕಡಿಮೆ. ಸ್ಕ್ರೂ ಬಿಗಿದ ಹ್ಯಾಚ್‌ಗೆ ಇದಕ್ಕಿಂತ ಒಳ್ಳೆಯದು ಬೇಡ. ಅಚ್ಚಿನಲ್ಲಿ ಮಾಡಿದ ಪ್ಲಾಸ್ಟಿಕ್ ಕಯಾಕ್‌ಗಂತೂ ಇದೇ ಸರಿ, ಯಾಕೆಂದರೆ ಪಾಲಿಎಥಿಲೀನ್‌ಗೆ ಯಾವ ಸೀಲಂಟೂ ಸರಿಯಾಗಿ ಅಂಟುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಅಂಟಲ್ಲ, ಬೋಲ್ಟಿನ ಒತ್ತಡ.

ಕೂರಿಸುವುದು

ಮೊದಲು ಏನೂ ಹಚ್ಚದೆ ರಿಂಗನ್ನು ಇಟ್ಟು ಸ್ಕ್ರೂ ತೂತುಗಳನ್ನು ಗುರುತು ಮಾಡಿ, ತೆಗೆದು ಕೊರೆಯಿರಿ. ಪ್ರತಿ ತೂತಿನ ಬಾಯನ್ನು ಸ್ವಲ್ಪ ಅಗಲಿಸಿ. ಇದರಿಂದ ಎರಡು ಲಾಭ: ಸ್ಕ್ರೂ ಇಳಿಯುವಾಗ ಮೇಲಿನ ಹೊಳಪು ಪದರ ಬಿರುಕು ಬಿಡುವುದಿಲ್ಲ, ಬ್ಯುಟೈಲ್ ಆ ತಗ್ಗಿನಲ್ಲಿ ತುಂಬಿಕೊಂಡು ಸ್ಕ್ರೂ ಸುತ್ತ ಉಂಗುರದ ಹಾಗೆ ಕೂರುತ್ತದೆ.

ಮೈಯನ್ನು ಸ್ಪಿರಿಟ್‌ನಿಂದ ಒರೆಸಿ. ಪ್ಲಾಸ್ಟಿಕ್ ರಿಂಗಿಗೆ ಅಸಿಟೋನ್ ತಾಗಿಸಬೇಡಿ, ಕರಗಿಸುತ್ತದೆ ಇಲ್ಲವೇ ಸೀಳು ಬಿಡಿಸುತ್ತದೆ. ರಿಂಗಿನ ಅಡಿಗೆ ಬ್ಯುಟೈಲ್ ಪಟ್ಟಿಯನ್ನು ಸುತ್ತಲೂ ಹಚ್ಚಿ, ಪ್ರತಿ ಸ್ಕ್ರೂ ತೂತಿಗೂ ಒಂದು ತೆಳು ಸುತ್ತು ಹಾಕಿ. ಮುಚ್ಚಳವನ್ನು ಸಡಿಲವಾಗಿ ತಿರುಗಿಸಿ ಇಟ್ಟುಕೊಂಡೇ ರಿಂಗನ್ನು ಕೂರಿಸಿ. ಅದು ಇದ್ದರೆ ರಿಂಗು ಗುಂಡಗೇ ಉಳಿಯುತ್ತದೆ.

ಸ್ಕ್ರೂಗಳನ್ನು ಕೈಯಿಂದಲೇ ಬಿಗಿಯಿರಿ, ಡ್ರಿಲ್‌ನಿಂದ ಬೇಡ. ಕಾರಿನ ಚಕ್ರದ ನಟ್ಟು ಬಿಗಿಯುವ ಕ್ರಮ: ಒಂದು, ಅದರ ಎದುರಿನದು, ಆಮೇಲೆ ಪಕ್ಕದ್ದು, ಅದರ ಎದುರಿನದು. ಒಂದೇ ಸಲಕ್ಕೆ ಬಿಗಿ ಮಾಡದೆ ಸುತ್ತು ಸುತ್ತು ಬನ್ನಿ. ಅಂಚಿನಲ್ಲಿ ಬ್ಯುಟೈಲ್ ಸುತ್ತಲೂ ಒಂದೇ ಸಮ ಹೊರಗೆ ಇಣುಕಿದರೆ ನಿಲ್ಲಿಸಿ. ಪ್ರತಿ ಸುತ್ತಿಗೂ ಮುಚ್ಚಳ ಹಗುರವಾಗಿ ತಿರುಗುತ್ತದಾ ನೋಡಿ. ಬಿಗಿಯಾಯಿತು ಅಂದರೆ ಎಲ್ಲೋ ಒಂದು ಸ್ಕ್ರೂ ಜಾಸ್ತಿ ಇಳಿದಿದೆ. ಮರುದಿನ ಬ್ಯುಟೈಲ್ ಹರಡಿಕೊಂಡಿರುತ್ತದೆ, ಆಗ ಇನ್ನೊಂದು ಸುತ್ತು ಬಿಗಿದು, ಹೊರಬಂದದ್ದನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದು ತೆಗೆಯಿರಿ.

ಸೋರುತ್ತದಾ ಅಂತ ನೋಡುವುದು

ಟ್ಯಾಂಕಿನ ನೀರು ಬಿಡುವ ತೂತಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾಯಿಂದ ಊದಿ, ಅಂಚಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ ಕಡೆ ಸೋರಿಕೆ. ಬಾಯಿಂದ ಮಾತ್ರ, ಅದೂ ಮೆಲ್ಲಗೆ. ಕಂಪ್ರೆಸರ್ ಹಚ್ಚಲೇಬೇಡಿ. 10 ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ ಅಂದರೆ ಕೇಳಲು ಏನೂ ಅಲ್ಲ, ಆದರೆ ಅದು ಪ್ರತಿ ಚದರ ಮೀಟರ್‌ಗೆ 100 ಕಿಲೋ ಭಾರಕ್ಕೆ ಸಮ. ಡೆಕ್ ಅಂಟು ಬಿಡಲು ಹೆಚ್ಚು ಬೇಕಿಲ್ಲ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಟ್ಯಾಂಕಿನೊಳಗೆ ಹ್ಯಾಚ್‌ನ ಕೆಳಗೆ ಒಣ ನ್ಯೂಸ್‌ಪೇಪರ್ ಹರಡಿ, ಮುಚ್ಚಿ, ಮೇಲೆ ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ. ಮುಚ್ಚಳ ಒರೆಸಿ ತೆರೆದು ನೋಡಿ. ಒದ್ದೆ ಚುಕ್ಕೆ ಎಲ್ಲಿದೆ ಅನ್ನುವುದರಿಂದ ಸೋರಿಕೆ ಮುಚ್ಚಳದ್ದೋ ಸ್ಕ್ರೂವಿನದ್ದೋ ತಿಳಿಯುತ್ತದೆ. ಕೊನೆಯದು ದಡದ ಹತ್ತಿರ, ಸೊಂಟದ ಆಳದ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು, ಇನ್ನೊಬ್ಬರ ಜೊತೆ ದೋಣಿಯನ್ನು ಬೇಕಂತಲೇ ಮಗುಚಿ ನೋಡುವುದು. ಹ್ಯಾಚ್‌ಗೆ ನಿಜವಾದ ಪರೀಕ್ಷೆ ಅದೇ.

ಆಮೇಲಿನ ದಿನಗಳು

ದೋಣಿ ದಡಕ್ಕೆ ಬಂದ ತಕ್ಷಣ ಮುಚ್ಚಳ ತೆಗೆಯಿರಿ. ಇಷ್ಟು ಮಾಡಿದರೆ ಬಿಸಿಲಿನ ಒತ್ತಡವೂ ಇಲ್ಲ, ಒಳಗಿನ ತೇವವೂ ಆರುತ್ತದೆ. ಉದ್ದನೆ ಟ್ಯಾಂಕಿಗೆ ಎರಡು ತುದಿಯಲ್ಲಿ ಎರಡು ಹ್ಯಾಚ್ ಇದ್ದರೆ ಗಾಳಿ ಹಾದುಹೋಗುತ್ತದೆ, ಒಂದೇ ಇದ್ದರೆ ದೂರದ ಮೂಲೆ ಒಣಗುವುದು ನಿಧಾನ. ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ.

ತೆಗೆದ ಮುಚ್ಚಳ ಮರೆತು ನೀರಿಗಿಳಿಯುವುದೇ ಇದರಲ್ಲಿರುವ ದೊಡ್ಡ ಅಪಾಯ. ತೆರೆದ 6 ಇಂಚಿನ ಬಾಯಿ ಇರುವ ಟ್ಯಾಂಕು ಇಲ್ಲದ ಟ್ಯಾಂಕಿಗೆ ಸಮ. ಮುಚ್ಚಳವನ್ನು ಸಣ್ಣ ದಾರದಿಂದ ರಿಂಗಿಗೋ ಪಕ್ಕದ ಕೊಕ್ಕೆಗೋ ಕಟ್ಟಿಡಿ. ಇಳಿಸುವ ಮುನ್ನ ಪ್ಲಗ್ ನೋಡುವಾಗಲೇ ಎಲ್ಲ ಮುಚ್ಚಳವನ್ನೂ ಕೈಯಿಂದ ಮುಟ್ಟಿ ನೋಡಿ. ಕಣ್ಣಿಗೆ ಮುಚ್ಚಿದಂತೆ ಕಂಡದ್ದು ಅರ್ಧ ಸುತ್ತು ಸಡಿಲವಿರಬಹುದು.

ಬಾಯಿ ಇದೆ ಅಂತ ಟ್ಯಾಂಕಿಗೆ ಸಾಮಾನು ತುಂಬಬೇಡಿ. ತುಂಬುವುದಾದರೆ ಗಾಳಿ ತುಂಬಿ. 2 ಲೀಟರಿನ ಖಾಲಿ ತಂಪು ಪಾನೀಯದ ಬಾಟಲಿಗಳು 6 ಇಂಚಿನ ಬಾಯಲ್ಲಿ ಸಲೀಸಾಗಿ ಹೋಗುತ್ತವೆ. ಬಿರಡೆ ಬಿಗಿ ಮಾಡಿ ಇಪ್ಪತ್ತು ಬಾಟಲಿ ತುಂಬಿದರೆ, ಟ್ಯಾಂಕು ಒಡೆದು ನೀರು ನುಗ್ಗಿದರೂ 40 ಲೀಟರಿನಷ್ಟು ಗಾಳಿ ಉಳಿಯುತ್ತದೆ. ನಟ್ಟಿನ ಹತ್ತಿರ ಕೈ ಆಡುವಷ್ಟು ಜಾಗ ಬಿಡಿ, ಆಗಾಗ ಬಾಟಲಿಗಳನ್ನು ತೆಗೆದು ಒಳಗೆ ಒರೆಸಿ.

ಮರೆಯಲ್ಲಿ ಸೇರುವ ಮರಳು ಓ-ರಿಂಗನ್ನು ಗೀರುತ್ತದೆ. ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಸಿಹಿ ನೀರಲ್ಲಿ ತೊಳೆದು, ಓ-ರಿಂಗಿಗೆ ತೆಳುವಾಗಿ ಸಿಲಿಕಾನ್ ಗ್ರೀಸ್ ಸವರಿ. ಓ-ರಿಂಗೇ ಸಿಲಿಕಾನ್ ರಬ್ಬರಿನದ್ದಾದರೆ ಆ ಗ್ರೀಸ್ ಬೇಡ, ಅದು ಉಬ್ಬುತ್ತದೆ. ಮುಚ್ಚಳವನ್ನು ಕೈಯಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಬಿಗಿಯಿರಿ. ಇಕ್ಕಳ ಹಾಕಬೇಕಾಯಿತು ಅಂದರೆ ಓ-ರಿಂಗ್ ಸವೆದಿದೆ ಅಂತ ಅರ್ಥ. ಬಿಸಿಲಿಗೆ ಬಿಳಿಚಿಕೊಂಡು, ಉಜ್ಜಿದರೆ ಸೀಮೆಸುಣ್ಣದಂಥ ಪುಡಿ ಬಿಡುವ ಮುಚ್ಚಳವನ್ನು ಬದಲಿಸಿ. ಮರೆಯ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹಾಗಾಗಿ ಹ್ಯಾಚ್ ಕೊಳ್ಳುವ ದಿನವೇ ಅದೇ ಮಾದರಿಯ ಇನ್ನೊಂದು ಮುಚ್ಚಳ, ಎರಡು ಓ-ರಿಂಗ್ ಜೊತೆಗೆ ತಂದಿಟ್ಟುಕೊಳ್ಳಿ.